ಕೆಂಪಾಜಕ್ಕನ ಕಿವಿ ಮಷಿನ್ನು

ಕೆಂಪಾಜಕ್ಕನ ಕಿವಿ ಮಷಿನ್ನು ಕೆಟ್ಟಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಉಳಿದದ್ದು ಹೇಳುವುದು ಸುಲಭ. ಅದು ಆಗಾಗ ಕುಂಯ್ ಎಂದು ಸಣ್ಣಗೆ ಕೂಗುತ್ತಿತ್ತು, ಅಷ್ಟೆ. ಪಕ್ಕದ ಮನೆಯ ಹಿತ್ತಿಲಲ್ಲಿ ಕೂತ ನನಗೂ ಆ ಕುಂಯ್ ಕೇಳಿಸುತ್ತಿತ್ತು. ಕೇಳಿಸಿದಾಗೆಲ್ಲ ನನ್ನ ಬೆರಳುಗಳು ಸುಮ್ಮನಿರುತ್ತಿರಲಿಲ್ಲ.

ನಾನು ಊರಿಗೆ ನೀರು ಬಿಡುವವಳು. ಬೆಳಿಗ್ಗೆ ಮೇಲಿನ ಬೀದಿಗಳ ವಾಲ್ವು ತಿರುಗಿಸಿ ಎರಡು ಗಂಟೆ ಕಾಯಬೇಕು, ಸಂಜೆ ನಾಲ್ಕಕ್ಕೆ ಕೆಳಗಿನ ಬೀದಿಗಳದ್ದು. ನಡುವಿನ ಹೊತ್ತಿಗೆ ಕೆಲಸವಿಲ್ಲ. ಗುಜರಿ ದಸ್ತಗೀರ್ ಸಾಬರ ಅಂಗಡಿಯಿಂದ ಕೆಟ್ಟ ರೇಡಿಯೊ, ಕೆಟ್ಟ ಟಾರ್ಚು, ಕೆಟ್ಟ ಕ್ಯಾಲ್ಕುಲೇಟರು ತಂದು ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಬಿಚ್ಚಿ ಹರವಿಕೊಂಡು ಕೂರುವುದು ನನ್ನ ಚಟ. ಯಾರೂ ಕಲಿಸಿದ್ದಲ್ಲ. ಬಿಚ್ಚುತ್ತಾ ಬಿಚ್ಚುತ್ತಾ ಬಂದದ್ದು.

ನಮ್ಮೂರಲ್ಲಿ ಈ ಚಟದವರು ಕಡಿಮೆ. ನಮ್ಮಲ್ಲಿ ರಿಪೇರಿಯಾದ ಸಾಮಾನು ತನ್ನ ಹಳೆಯ ಕೆಲಸಕ್ಕೆ ವಾಪಸು ಹೋಗುವುದಿಲ್ಲ. ಬಿಚ್ಚಿ, ಸರಿಮಾಡಿ, ಮುಚ್ಚಿದ ಮೇಲೆ ಅದು ಬೇರೆ ಯಾವುದೋ ಕೆಲಸ ಹಿಡಿಯುತ್ತದೆ. ಯಾವುದು ಅಂತ ಮೊದಲೇ ಹೇಳಲು ಬರುವುದಿಲ್ಲ. ಇನ್ನೊಂದು ಸಲ ಬಿಚ್ಚಿದರೆ ಪೂರಾ ಸತ್ತುಹೋಗುತ್ತದೆ, ಮತ್ತೆ ಏಳುವುದಿಲ್ಲ. ನಮ್ಮ ಮನೆಯ ಮಿಕ್ಸಿ ಈಗ ಬಟ್ಟೆ ಒಣಗಿಸುತ್ತದೆ. ಚಟ್ನಿ ರುಬ್ಬುವುದು ನನ್ನ ಗಂಡ ಶಂಭುಲಿಂಗ ಅವರ ಹಳೆಯ ಟೇಪ್‌ರೆಕಾರ್ಡರು. ಕ್ಯಾಸೆಟ್ ಹಾಕುವ ಜಾಗಕ್ಕೆ ಕೊಬ್ಬರಿ, ಮೆಣಸಿನಕಾಯಿ ತುರುಕಿ ಪ್ಲೇ ಒತ್ತಬೇಕು, ನುಣ್ಣಗೆ ಬೇಕಿದ್ದರೆ ರಿವೈಂಡ್ ಮಾಡಬೇಕು. ತಾಲ್ಲೂಕು ಕಚೇರಿಯ ಟೈಪು ಮಷಿನ್ನು ಹತ್ತಿ ಹಿಂಜುತ್ತದೆ ಅಂತ ಗುಮಾಸ್ತರು ಮನೆಯಿಂದ ಹಾಸಿಗೆ ಹೊತ್ತು ತರುತ್ತಾರೆ. ಇದಕ್ಕೆಲ್ಲ ಊರು ಹೊಂದಿಕೊಂಡಿದೆ. ಸೋಮವಾರ ಸೋಮವಾರ ಬಸ್ ನಿಲ್ದಾಣದ ಹಿಂದೆ ಅದಲುಬದಲು ನಡೆಯುತ್ತದೆ. ಇಸ್ತ್ರಿ ಪೆಟ್ಟಿಗೆ ಬೇಕಾದವರು ‘ಇಸ್ತ್ರಿ ಮಾಡೋ ಗಡಿಯಾರ ಯಾರತ್ರಾನಾದ್ರೂ ಇದೆಯಾ’ ಅಂತ ಕೂಗುತ್ತಾ ಓಡಾಡುತ್ತಾರೆ.

ಹಾಗಾಗಿ ಮುಖ್ಯವಾದ ಸಾಮಾನು ಕೆಟ್ಟರೆ ಜನ ಹೊಸದು ತರಿಸುತ್ತಾರೆ, ರಿಪೇರಿಗೆ ಕೊಡುವುದಿಲ್ಲ. ಕೆಡದೇ ಇರುವುದನ್ನಂತೂ ನನ್ನ ಕೈಗೆ ಯಾರೂ ಕೊಡುವುದಿಲ್ಲ. ಕೆಂಪಾಜಕ್ಕ ಕೊಟ್ಟರು. ಇಪ್ಪತ್ತಾರು ವರ್ಷದ ನೆರೆ. ಆ ಸೋಮವಾರ ಅವರು ತಲೆಗೆ ಎಣ್ಣೆ ಒತ್ತಿಕೊಂಡು ಸ್ನಾನಕ್ಕೆ ಹೊರಟಿದ್ದರು, ಕಿವಿ ಮಷಿನ್ನು ಇನ್ನೂ ಕಿವಿಯಲ್ಲೇ ಇತ್ತು.

“ಅಕ್ಕಾ, ಅದಕ್ಕೆ ಎಣ್ಣೆ ಮೆತ್ತಿದೆ. ಇಲ್ಲಿ ಕೊಡಿ, ಒರೆಸಿ ಇಟ್ಟಿರ್ತೀನಿ” ಅಂದೆ.

“ಬಿಚ್ಚಬೇಡ ಮತ್ತೆ ಇಂದ್ರಾಣಿ.”

“ಅಯ್ಯೋ, ಬರೀ ಒರೆಸೋದು.”

ಒರೆಸಿದೆ. ಒರೆಸುವಾಗ ಅದು ಕುಂಯ್ ಎಂದಿತು. ಹಿಂಬದಿಯ ಮುಚ್ಚಳ ಉಗುರಿಗೇ ಬಂತು. ಒಳಗೆ ಕೂದಲಿನಷ್ಟು ಸಣ್ಣ ತಂತಿ ತನ್ನ ಜಾಗದಿಂದ ಎದ್ದಿತ್ತು. ಬೆಸುಗೆ ಕಡ್ಡಿ ಕಾದೇ ಇತ್ತು. ತುದಿ ತಾಗಿಸಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಇಷ್ಟಕ್ಕೆಲ್ಲ ರಿಪೇರಿ ಅನ್ನುತ್ತಾರೆಯೇ ಅಂತ ನನಗೆ ನಾನೇ ಹೇಳಿಕೊಂಡು ಮುಚ್ಚಳ ಒತ್ತಿದೆ.

ಸ್ನಾನ ಮುಗಿಸಿ ಬಂದ ಕೆಂಪಾಜಕ್ಕ ಅದನ್ನು ಕಿವಿಗಿಟ್ಟುಕೊಂಡವರೇ “ಅಯ್ಯಯ್ಯೋ, ಕಿವಿಗೆ ಐಸ್‌ಗಡ್ಡೆ ತುರುಕಿದ್ಯಲ್ಲೇ!” ಎಂದು ಕಿರುಚಿದರು. ಮಷಿನ್ನು ಅಂಗಳದಲ್ಲಿ ಬಿತ್ತು. ಬಿದ್ದ ಜಾಗದಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ ಮಂಜು ಕಟ್ಟಿತು. ಅದು ತಣ್ಣಗೆ ಮಾಡುವ ಕೆಲಸ ಹಿಡಿದಿತ್ತು. ಹಾಲಿನ ಪಾತ್ರೆಯೊಳಗೆ ಇಟ್ಟರೆ ವಾರವಾದರೂ ಹಾಲು ಕೆಡದು ಅಂತ ಆಮೇಲೆ ಗೊತ್ತಾಯಿತು. ಆದರೆ ಕೆಂಪಾಜಕ್ಕನಿಗೆ ಬೇಕಾಗಿದ್ದದ್ದು ಹಾಲು ಅಲ್ಲ.

ನಾನು ಸ್ಲೇಟು ತಂದು ‘ತಪ್ಪಾಯಿತು, ಹೊಸದು ತರಿಸಿಕೊಡುತ್ತೇನೆ’ ಎಂದು ಬರೆದೆ. ಅವರು ಓದಿದರು, ಬೈಯಲಿಲ್ಲ. ಒಳಗೆ ಹೋಗಿ ಒಂದು ಕಾಗದ ತಂದು ನನ್ನ ತೊಡೆಯ ಮೇಲೆ ಹಾಕಿದರು. ಅವರ ತಮ್ಮ ಹೊಂಬಯ್ಯ ಬರೆದದ್ದು. ಎರಡೇ ಸಾಲು: ‘ಮುಂದಿನ ವಾರದ ಮಂಗಳವಾರ ಹತ್ತು ಗಂಟೆ ಬಸ್ಸಿಗೆ ಬರುತ್ತೇನೆ. ಒಂದು ಮಾತು ಹೇಳುವುದಿದೆ, ಹೇಳಿ ಹೋಗುತ್ತೇನೆ, ಊಟಕ್ಕೆ ಇರುವುದಿಲ್ಲ.’

ಆ ಅಕ್ಕ ತಮ್ಮ ಮಾತು ಬಿಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಅವರ ತಾಯಿ ತೀರಿಕೊಂಡದ್ದು ಹೊಂಬಯ್ಯನ ಮನೆಯಲ್ಲಿ. ಕೆಂಪಾಜಕ್ಕನಿಗೆ ಸುದ್ದಿ ಬಂದದ್ದು ಮೂರನೇ ದಿನ, ಅದೂ ಹಾಲು ಹಾಕುವವನ ಬಾಯಿಂದ. ‘ಫೋನ್ ಮಾಡಿದ್ದೆ, ನಿಮ್ಮನೆ ಫೋನು ರಿಂಗಾಗಲಿಲ್ಲ’ ಅಂತ ಹೊಂಬಯ್ಯ ಎಲ್ಲರೆದುರು ಹೇಳಿದ್ದ. ಮಗಳು ತಾಯಿಯ ಮುಖ ನೋಡಲಿಲ್ಲ. ಅಲ್ಲಿಂದ ಬಂದವರು ತಮ್ಮನ ಹೆಸರು ಎತ್ತಿದ್ದನ್ನು ನಾನು ಕೇಳಿಲ್ಲ.

“ಅವನು ತಪ್ಪಾಯ್ತು ಅನ್ನೋಕೆ ಬರ್ತಿದಾನೆ. ಬೇರೆ ಏನಿರುತ್ತೆ, ಒಂದು ಮಾತು ಅಂದ್ರೆ?” ಅಂದರು ಕೆಂಪಾಜಕ್ಕ. “ನಾನು ಅದನ್ನ ಕೇಳಬೇಕು.”

‘ಸ್ಲೇಟಿನ ಮೇಲೆ ಬರೆಯಲಿ’ ಎಂದು ಬರೆದೆ.

“ಬರೆಸಿಕೊಳ್ಳೋಕೆ ಇದೇನು ರೇಷನ್ ಕಾರ್ಡಾ?”

‘ಕೂಗಿ ಹೇಳಲಿ.’

“ಕೂಗಿದ್ರೆ ಜಗಳ ಆಗುತ್ತೆ. ತಪ್ಪಾಯ್ತು ಅನ್ನೋದನ್ನ ಯಾರಾದ್ರೂ ಕೂಗಿ ಹೇಳ್ತಾರೇನೇ?”

ಮೂರನೆಯದಾಗಿ, ಒಂದು ತಿಂಗಳು ತಡೆದು ಬರಲು ಹೇಳೋಣ ಎಂದು ಬರೆದೆ. ಹೊಸ ಮಷಿನ್ನಿಗೆ ಕಿವಿಯ ಅಳತೆ ಕೊಟ್ಟರೆ ಬರಲು ಇಪ್ಪತ್ತೈದು ದಿನ ಬೇಕು. ಕೆಂಪಾಜಕ್ಕ ಸ್ಲೇಟನ್ನು ಸೆರಗಿನಿಂದ ಒರೆಸಿ ವಾಪಸು ಕೊಟ್ಟರು. “ಇಪ್ಪತ್ತೆರಡು ವರ್ಷಕ್ಕೆ ಹೊರಟಿದಾನೆ. ಈಗ ನಿಲ್ಲು ಅಂದ್ರೆ ಮತ್ತೆ ಹೊರಡಲ್ಲ.”

ಎಂಟು ದಿನವಿತ್ತು. ಉಳಿದದ್ದು ಒಂದೇ ದಾರಿ. ಯಾವುದಾದರೂ ಕೆಟ್ಟ ಸಾಮಾನು ರಿಪೇರಿಯಾಗಿ ಕಿವಿ ಮಷಿನ್ನಿನ ಕೆಲಸ ಹಿಡಿಯಬೇಕು. ಅಂದು ಸೋಮವಾರವೇ ಆದ್ದರಿಂದ ಮೊದಲು ಅದಲುಬದಲಿಗೆ ಓಡಿದೆ. ‘ಕಿವಿ ಕೇಳಿಸೋದು ಇದೆಯಾ, ಕಿವಿ ಕೇಳಿಸೋದು’ ಎಂದು ಗಂಟಲು ಹರಿದುಕೊಂಡೆ. ಒಬ್ಬ ತನ್ನ ಹತ್ತಿರ ಇದೆ ಎಂದು ಒಂದು ಕಾಲಿಂಗ್ ಬೆಲ್ಲು ಕೊಟ್ಟ. ಕಿವಿಗೆ ಹಿಡಿದು ನೋಡಿದರೆ ಏನೂ ಕೇಳಿಸಲಿಲ್ಲ, ಆದರೆ ಎದುರು ಅಂಗಡಿಯ ಬೋರ್ಡಿನಲ್ಲಿ ಬರೆದದ್ದೆಲ್ಲ ದಪ್ಪಗೆ ಕಂಡಿತು. “ಕನ್ನಡಕದ ಕೆಲಸ ಮಾಡ್ತಿದೆ ಕಣಯ್ಯ ಇದು” ಅಂದೆ. “ಹೌದಾ? ನಾನು ಇಷ್ಟು ದಿನ ಕಿವೀದು ಅಂತ್ಲೇ ಇಟ್ಕೊಂಡಿದ್ನಲ್ಲ” ಎಂದು ಅವನು ಅದನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡು ಹೊರಟುಹೋದ.

ಮಾರನೆಯ ದಿನದಿಂದ ದಸ್ತಗೀರ್ ಸಾಬರು ತಳ್ಳುಗಾಡಿಯಲ್ಲಿ ಸಾಮಾನು ಕಳಿಸತೊಡಗಿದರು. ವಿಷಯ ತಿಳಿದು ಅವರು ಅಂಗಡಿಯ ಹಿಂದಿನ ರಾಶಿಯನ್ನೂ ಕೆದರಿದ್ದರು. ನನಗಂತೂ ಅಷ್ಟೊಂದು ಸಾಮಾನು ಒಟ್ಟಿಗೆ ಸಿಕ್ಕಿದ್ದು ಅದೇ ಮೊದಲು. ಒಳಗೊಳಗೇ ಖುಷಿಯೂ ಆಯಿತು, ಅದಕ್ಕೆ ನಾಚಿಕೆಯೂ ಆಯಿತು. ಮೊದಲ ದಿನ ಟಾರ್ಚು ಸರಿಮಾಡಿದೆ. ಅದು ತೂಕ ಹೇಳತೊಡಗಿತು. ಯಾರ ಮೇಲೆ ಬೆಳಕು ಬಿಟ್ಟರೆ ಅವರ ತೂಕ, ಗಟ್ಟಿಯಾಗಿ, ಹೆಂಗಸಿನ ದನಿಯಲ್ಲಿ. ನಮ್ಮ ಮನೆಯವರ ಮೇಲೆ ಬಿಟ್ಟಾಗ ಅದು ಹೇಳಿದ್ದನ್ನು ಕೇಳಿ ಅವರು ಎರಡು ದಿನ ಚಪಾತಿ ಕಮ್ಮಿ ಮಾಡಿದರು. ಕೂದಲು ಕತ್ತರಿಸುವ ಮಷಿನ್ನು ನೀರು ಕಾಯಿಸತೊಡಗಿತು. ಸಿ.ಡಿ. ಪ್ಲೇಯರಿನ ಬಾಯಿಗೆ ಬಟ್ಟೆ ಕೊಟ್ಟರೆ ಕಾಜಾ ಹೊಲಿದು ಹೊರಗೆ ತಳ್ಳಿತು. ಅದನ್ನು ದರ್ಜಿ ನಾಗಭೂಷಣಯ್ಯ ಬಂದು ಎತ್ತಿಕೊಂಡು ಹೋದರು, ನಾನು ಕೊಡುತ್ತೇನೆ ಅನ್ನುವ ಮೊದಲೇ. ಎಮರ್ಜೆನ್ಸಿ ಲ್ಯಾಂಪು ಹಲ್ಲಿ ಓಡಿಸುವುದಾಯಿತು. ಒಂದು ವಿಡಿಯೊ ಗೇಮು ಏನು ಕೆಲಸ ಹಿಡಿಯಿತೆಂದು ಇವತ್ತಿಗೂ ತಿಳಿದಿಲ್ಲ. ಹಚ್ಚಿದರೆ ನಾಲ್ಕು ಮನೆಯ ಹೆಂಗಸರಿಗೆ ಒಟ್ಟಿಗೆ ಆಕಳಿಕೆ ಬರುತ್ತಿತ್ತು.

ಗುರುವಾರದ ಹೊತ್ತಿಗೆ ಹನ್ನೊಂದು ಸಾಮಾನು ಮುಗಿದಿತ್ತು. ಪ್ರತಿಯೊಂದನ್ನೂ ಮುಚ್ಚಿದ ಕೂಡಲೇ ಎರಡು ಹಿತ್ತಿಲ ನಡುವಿನ ಗೋಡೆಯ ಮೇಲಿಂದ ಕೆಂಪಾಜಕ್ಕನ ಕಿವಿಗೆ ಹಿಡಿದು ನಾನು ‘ಕೆಂಪಾಜಕ್ಕಾ’ ಅನ್ನುತ್ತಿದ್ದೆ. ಅವರು ಕಣ್ಣು ಮುಚ್ಚಿ ಕಾದು, ಆಮೇಲೆ ತಲೆ ಅಲ್ಲಾಡಿಸುತ್ತಿದ್ದರು. ಶುಕ್ರವಾರ ಬರೀ ಅಲ್ಲಾಡಿಸದೆ ಗೋಡೆಗೆ ಒರಗಿ ನಿಂತರು.

“ಅವನ ದನಿ ಹೆಂಗಿತ್ತು ಅನ್ನೋದೇ ಮರೆತೋಗಿದೆ ಇಂದ್ರಾಣಿ. ಚಿಕ್ಕೋನಿದ್ದಾಗ ಬಾಯೊಳಗೇ ಮಾತಾಡ್ತಿದ್ದ. ಅಮ್ಮ ನನ್ನ ಕೇಳೋರು, ಏನಂತಾನೇ ಅವನು ಅಂತ. ನಾನು ಹೇಳಬೇಕಿತ್ತು. ನನಗೊಬ್ಬಳಿಗೇ ಅರ್ಥ ಆಗ್ತಿದ್ದದ್ದು.”

ಆವತ್ತು ನಾನು ಊಟ ಮಾಡಲಿಲ್ಲ. ಶನಿವಾರ ವಾಲ್ವು ತಿರುಗಿಸಿ ಬಂದು, ನಿಲ್ಲಿಸಲು ಹೋಗುವುದನ್ನೇ ಮರೆತು, ಮೇಲಿನ ಬೀದಿಯಲ್ಲಿ ಮೂರು ಮನೆಯ ತೊಟ್ಟಿ ತುಂಬಿ ಹರಿದು ಬೈಸಿಕೊಂಡೆ. ಭಾನುವಾರ ದಸ್ತಗೀರ್ ಸಾಬರ ರಾಶಿ ಖಾಲಿಯಾಯಿತು. ಅವರು ಬೋಳು ತಲೆ ಸವರಿಕೊಳ್ಳುತ್ತಾ, “ಇನ್ನು ಒಂದೇ ಒಂದು ಉಳಿದಿದೆ ನೋಡಮ್ಮ. ನಿನ್ನ ಕೈಯಲ್ಲಾಗಲ್ಲ ಅಂತ ಹೇಳಿರಲಿಲ್ಲ” ಎಂದರು.

ಅದು ಒಂದು ಬಾಗಿಲಿನ ಹಸಿರು ಫ್ರಿಜ್ಜು. ಒಳಗಿನ ಹಲಗೆಗಳೆಲ್ಲ ಹೋಗಿದ್ದವು. ಸಾಬರು ಅದರಲ್ಲಿ ಹಳೆಯ ಬಟ್ಟೆ ತುಂಬಿಟ್ಟಿದ್ದರು. ಫ್ರಿಜ್ಜು ನನಗೆ ಗೊತ್ತಿರದ ವಿದ್ಯೆ. ಅಂಗೈಯಗಲದ ಸಾಮಾನು ಬಿಚ್ಚಿದವಳು ನಾನು, ಇದರ ಹಿಂದೆ ಕೂತರೆ ನಾನೇ ಕಾಣುತ್ತಿರಲಿಲ್ಲ. ತಳ್ಳುಗಾಡಿಯಲ್ಲಿ ನಮ್ಮ ಮನೆಗೆ ತರಿಸಿಕೊಂಡೆ. ಸೋಮವಾರ ಇಡೀ ದಿನ ಹಿಡಿಯಿತು. ಸುಟ್ಟ ತಂತಿ ಬದಲಿಸಿದೆ, ಮೋಟಾರಿನ ಪಕ್ಕದ ಸುಟ್ಟುಹೋದ ಒಂದು ಡಬ್ಬಿಗೆ ಸಾಬರು ಎಲ್ಲಿಂದಲೋ ಬದಲಿ ತಂದುಕೊಟ್ಟರು. ಸಂಜೆ ನೀರು ಬಿಟ್ಟು ಬಂದು ಪ್ಲಗ್ ಹಾಕಿದೆ. ಒಳಗೆ ದೀಪ ಹತ್ತಿತು. ತಣ್ಣಗಾಗಲಿಲ್ಲ, ಅದು ಒಳ್ಳೆಯದೇ. ಅಕ್ಕಿ ಇಟ್ಟು ನೋಡಿದೆವು, ಬೇಯಲಿಲ್ಲ. ಒದ್ದೆ ಬಟ್ಟೆ ಇಟ್ಟೆವು, ಒಣಗಲಿಲ್ಲ. ನಮ್ಮ ಮನೆಯವರು “ಇದು ಸುಮ್ಮನೆ ದೀಪ ಹಾಕೋ ಕೆಲಸ ಹಿಡಿದಿರಬೇಕು” ಎಂದು ಮೂಲೆಯಲ್ಲಿ ಉಳಿದಿದ್ದ ಬಟ್ಟೆ ತೆಗೆಯಲು ತಲೆ ಒಳಗೆ ಹಾಕಿದರು.

ಹಾಕಿದವರು ಒಂದೇ ಸಲಕ್ಕೆ ಹೊರಗೆ ಹಾರಿ ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತರು.

“ಏನಾಯ್ತು ರೀ?”

“ಗೋಡೆ ಮೇಲೆ ಇರುವೆ ನಡೀತಿದೆ” ಅಂದರು. “ಬೂಟು ಹಾಕ್ಕೊಂಡಂಗೆ.”

ನಾನು ಓಡಿಹೋಗಿ ಕೆಂಪಾಜಕ್ಕನನ್ನು ಕೈಹಿಡಿದು ಎಳೆದುಕೊಂಡು ಬಂದೆ. ಅವರು ಮಣೆ ಹಾಕಿಕೊಂಡು ಕೂತು, ಸೆರಗು ಸಿಕ್ಕಿಸಿಕೊಂಡು, ದೇವರ ಕೋಣೆಗೆ ಬಗ್ಗಿದಂತೆ ಫ್ರಿಜ್ಜಿನೊಳಗೆ ತಲೆ ಬಗ್ಗಿಸಿದರು. ನಾನು ಎರಡು ಮಾರು ದೂರ ನಿಂತು, ಬಾಯೊಳಗೇ, “ಕೆಂಪಾಜಕ್ಕಾ, ನಾನು ಬಿಚ್ಚಬಾರದಿತ್ತು” ಅಂದೆ.

“ಹ್ಞೂಂ, ಬಿಚ್ಚಬಾರದಿತ್ತು” ಎಂದಿತು ಫ್ರಿಜ್ಜು, ಕೆಂಪಾಜಕ್ಕನ ದನಿಯಲ್ಲಿ.

ಮಂಗಳವಾರ ಬೆಳಿಗ್ಗೆ ಗೋಣಿತಾಟಿನ ಮೇಲೆ ಫ್ರಿಜ್ಜು ಕೂರಿಸಿ, ನಾನು, ನಮ್ಮ ಮನೆಯವರು, ಸಾಬರು ಮೂವರೂ ಸೇರಿ ಕೆಂಪಾಜಕ್ಕನ ನಡುಮನೆಗೆ ಎಳೆದೆವು. ಅದಕ್ಕೆ ಅವರು ಅರಿಶಿನ ಕುಂಕುಮ ಇಟ್ಟರು. ಊಟಕ್ಕಿರುವುದಿಲ್ಲ ಎಂದು ಬರೆದವನಿಗೆ ಹೋಳಿಗೆ ಮಾಡಿಟ್ಟಿದ್ದರು. ಗಂಡಸರಿಬ್ಬರೂ ಹೋದರು. “ನೀನು ಇರು” ಅಂದರು ನನಗೆ, “ಪ್ಲಗ್ಗು ಗಿಗ್ಗು ನಂಗೆ ಗೊತ್ತಾಗಲ್ಲ.”

ಹತ್ತೂಕಾಲಿಗೆ ಹೊಂಬಯ್ಯ ಬಂದ. ಸಣ್ಣ ಆಳು. ಹೊಸ ಪಂಚೆಯ ಮಡಿಕೆ ಇನ್ನೂ ಹೋಗಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನಿಗೆ ಕಂಡದ್ದು ಅಕ್ಕನ ಬೆನ್ನು. ತಲೆ ಹಸಿರು ಫ್ರಿಜ್ಜಿನ ಒಳಗಿತ್ತು.

“ಬಾ ಹೊಂಬ, ಕೂತ್ಕೋ” ಎಂದಿತು ಒಳಗಿನ ದನಿ. “ನಿನ್ನ ಮಾತು ಹೇಳು.”

ಅವನು ನನ್ನ ಮುಖ ನೋಡಿದ. ಕಿವಿಯ ವಿಷಯ ನಾನು ವಿವರಿಸಿದೆ. ನಮ್ಮೂರಲ್ಲಿ ಹುಟ್ಟಿದವನೇ ಆದ್ದರಿಂದ ಅರ್ಥವಾಯಿತು, ಆದರೂ ಮುಖ ಕೆಂಪಾಯಿತು. “ಇಪ್ಪತ್ತೆರಡು ವರ್ಷದ ಮೇಲೆ ಬಂದೀನಿ, ಫ್ರಿಜ್ಜಿಗೆ ಹೇಳ್ಕೋಬೇಕಾ ನಾನು?” ಎಂದು ಚಪ್ಪಲಿಯ ಕಡೆಗೆ ತಿರುಗಿದ.

“ಫ್ರಿಜ್ಜಿಗಲ್ಲಣ್ಣಾ, ಅಕ್ಕನಿಗೆ. ಎಂಟು ದಿನದಿಂದ ಕಾದಿದಾರೆ” ಅಂದೆ. ಬಾಗಿಲಿಗೆ ಅಡ್ಡ ನಿಂತೆ. “ಅವರ ಮಷಿನ್ನು ಹಾಳುಮಾಡಿದ್ದು ನಾನು. ಬೈಯೋದಿದ್ರೆ ನನ್ನ ಬೈಯಿರಿ, ಹೋಗಬೇಡಿ.”

ಒಂದು ಚಪ್ಪಲಿ ಮೆಟ್ಟಿದ್ದ. ಹಾಗೇ ನಿಂತ. ಆಮೇಲೆ ಅದನ್ನು ಬಿಟ್ಟು ಬಂದು, ಫ್ರಿಜ್ಜಿನಿಂದ ನಾಲ್ಕು ಅಡಿ ದೂರದಲ್ಲಿ ಗೋಡೆಗೆ ಒರಗಿ ಕೂತ. ಅಕ್ಕನ ಬೆನ್ನನ್ನೇ ನೋಡಿದ. ಬೆನ್ನು ತಾನೇ, ಅದು ಅವನನ್ನು ತಿರುಗಿ ನೋಡುತ್ತಿರಲಿಲ್ಲ. ಹಾಗಾಗಿಯೇ ಅವನಿಂದ ಆಯಿತು ಅಂತ ನನಗನ್ನಿಸುತ್ತದೆ.

“ಅಕ್ಕಾ” ಅಂದ. ನಿಜವಾಗಿಯೂ ಬಾಯೊಳಗೇ ಮಾತಾಡುತ್ತಿದ್ದ. ಪಕ್ಕದಲ್ಲಿದ್ದ ನನಗೆ ಅರ್ಧ ಮಾತ್ರ ಕೇಳಿಸುತ್ತಿತ್ತು. “ನಾನು ಫೋನ್ ಮಾಡಿರಲಿಲ್ಲ. ರಿಂಗಾಗಲಿಲ್ಲ ಅಂದದ್ದು ಸುಳ್ಳು. ರಿಸೀವರ್ ಎತ್ತಿದ್ದೆ, ನಂಬರು ಒತ್ತಲಿಲ್ಲ. ಅದರ ಹಿಂದಿನ ವರ್ಷ ಅಮ್ಮನ್ನ ಎರಡು ತಿಂಗಳು ಇಟ್ಕೋ ಅಂತ ನಿನ್ನ ಕೇಳಿದ್ದೆ. ಮನೆಗೆ ಸುಣ್ಣ ಹೊಡಿಸ್ತಿದೀನಿ, ಆಗಲ್ಲ ಅಂದೆ ನೀನು. ಅದು ಒಳಗೇ ಕೂತಿತ್ತು. ಇಟ್ಕೊಳ್ಳದಿರೋಳು ನೋಡೋದೂ ಬೇಡ ಅನ್ನಿಸ್ತು. ಆಮೇಲೆ ಬೆಂಕಿ ಇಡೋವಾಗ ಜ್ಞಾನ ಬಂತು. ಆಗ ಏನು ಮಾಡೋಕಾಗುತ್ತೆ? ತಪ್ಪಾಯ್ತು ಅಕ್ಕಾ.”

ಫ್ರಿಜ್ಜಿನ ಮೋಟಾರು ಗುಂಯ್ ಎನ್ನುತ್ತಿತ್ತು. ಕೆಂಪಾಜಕ್ಕನ ಭುಜ ಒಂದೆರಡು ಸಲ ಮೇಲೆ ಕೆಳಗೆ ಆಯಿತು. ಆಮೇಲೆ ತಲೆ ಹೊರಗೆ ತೆಗೆದರು. ಕೂದಲಿಗೆ ಹಳೆಯ ಬಟ್ಟೆಯ ನೂಲು ಅಂಟಿತ್ತು. ಕಣ್ಣು ಪೂರಾ ಒದ್ದೆ.

“ಸರಿಯಾಗಿ ಕೇಳಿಸಲಿಲ್ಲ ಕಣೋ” ಅಂದರು. “ಇನ್ನೊಂದು ಸಲ ಹೇಳು.”

ಮತ್ತೆ ತಲೆ ಒಳಗಿಟ್ಟರು. ಇರುವೆಯ ನಡಿಗೆ ಕೇಳಿಸುವ ಫ್ರಿಜ್ಜು ಅದು. ಹೊಂಬಯ್ಯ ಪಾಪ, ನಂಬಿದ. ಮೊದಲಿಂದ ಕೊನೆಯವರೆಗೆ ಮತ್ತೆ ಹೇಳಿದ, ಈ ಸಲ ಸ್ವಲ್ಪ ಬಿಡಿಸಿ. ಮೂರನೆಯ ಸಲ ಕೇಳಿದಾಗ ಅವನಿಗೂ ಗುಮಾನಿ ಬಂದಿರಬೇಕು, ಆದರೂ ಹೇಳಿದ. ಮೂರನೆಯ ಸಲ ಹೇಳುವ ಹೊತ್ತಿಗೆ ಅವನ ದನಿಯಲ್ಲಿ ಭಾರವೇ ಇರಲಿಲ್ಲ.

ಕೆಂಪಾಜಕ್ಕ ಹೊರಗೆ ಬಂದು ಮುಖ ಒರೆಸಿಕೊಂಡರು. “ಕೇಳಿಸ್ತು” ಅಂದರು. “ಏಳು, ಎಲೆ ಹಾಕ್ತೀನಿ.”

ಅವನು ಏಳಲಿಲ್ಲ. ಕೂತಲ್ಲಿಂದಲೇ ಅಂಬೆಗಾಲಿಟ್ಟಂತೆ ಮುಂದೆ ಸರಿದು, ಅಕ್ಕ ಬಿಟ್ಟೆದ್ದ ಮಣೆಯ ಮೇಲೆ ಕೂತ. ಹೊಸ ಪಂಚೆ ಮುದುಡಿಕೊಂಡು ಫ್ರಿಜ್ಜಿನೊಳಗೆ ತಲೆ ಹಾಕಿದ.

“ಅಯ್ಯೋ ಅಯ್ಯೋ, ತೆಗೀರಿ ಅಣ್ಣಾ, ಕಿವಿ ಹರಿದೋಗುತ್ತೆ!” ಎಂದು ನಾನು ಕೂಗುವಷ್ಟರಲ್ಲಿ ಅವನು ನೋವಿನಿಂದ ಮುಲುಗಿದ. ಆದರೂ ತಲೆ ತೆಗೆಯಲಿಲ್ಲ. ಒಂದು ಕೈಯನ್ನು ಹಿಂದಕ್ಕೆ ಚಾಚಿ, ಗಾಳಿಯಲ್ಲಿ ಬೆರಳು ಆಡಿಸಿ ಅಕ್ಕನನ್ನು ಕರೆದ. ಈಗ ನಿನ್ನ ಸರದಿ, ಹೇಳು ಅನ್ನುವಂತೆ.

ಕೆಂಪಾಜಕ್ಕ ನಿಂತಲ್ಲೇ ನಿಂತರು. ಅವನ ಬೆನ್ನು ನೋಡಿದರು. ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಇಪ್ಪತ್ತಾರು ವರ್ಷದಿಂದ ಪಕ್ಕದ ಮನೆಯವಳು ನಾನು. ಅವನು ಹೇಳಿದ ಆ ವರ್ಷ ಅವರ ಮನೆಗೆ ಯಾರೂ ಸುಣ್ಣ ಹೊಡೆದಿರಲಿಲ್ಲ.

ಅವರು ಮೆಲ್ಲಗೆ ತಮ್ಮನ ಹಿಂದೆ ನೆಲದ ಮೇಲೆ ಕೂತರು. ಬಾಯಿ ತೆರೆದರು. ಮಾತು ಅವನ ಕಿವಿ ಒಡೆಯದಿರಲಿ ಅಂತ ನಾನು ಫ್ರಿಜ್ಜಿನ ಪ್ಲಗ್ಗು ಕಿತ್ತು, ಮನೆಯ ಬಾಗಿಲು ಎಳೆದುಕೊಂಡು ಬೀದಿಗೆ ಬಂದೆ.